ಉಸ್ತಾದರ ಕೈ ಮತ್ತು ಲಾರಿಯ ರೇಡಿಯೊ

ಹಳೆಯ ಲಾರಿಯೊಂದರ ಡ್ಯಾಶ್‌ಬೋರ್ಡನ್ನು ಹತ್ತಿರದಿಂದ ನೋಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ವೇಗ, ಇಂಧನ, ಎಂಜಿನ್ ಶಾಖ ತೋರಿಸುವ ಮೀಟರುಗಳ ಜಾಗ ಕಾರ್ಖಾನೆಯಲ್ಲೇ ಅಚ್ಚುಕಟ್ಟಾಗಿ ಸಿದ್ಧವಾದದ್ದು. ರೇಡಿಯೊ ಕೂತಿರುವ ಕಿಂಡಿ ಮಾತ್ರ ಅನೇಕ ಲಾರಿಗಳಲ್ಲಿ ಆಮೇಲೆ ಕೊರೆದದ್ದು. ತಗಡನ್ನು ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಪಟ್ಟಿಯೊಂದನ್ನು ಬಿಗಿದು ಯಾರೋ ಅದನ್ನು ಅಲ್ಲಿ ಕೂರಿಸಿದ್ದಾರೆ. ವಾಹನ ಎಷ್ಟು ಟನ್ ಹೊರಬೇಕೆಂದು ಲೆಕ್ಕ ಹಾಕಿದವರು ಅದನ್ನು ಓಡಿಸುವವನ ಕಿವಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಗ್ಯಾರೇಜಿನ ಕೆಲಸಗಾರರು. ರೇಡಿಯೊ ಇತಿಹಾಸ ಬರೆಯುವಾಗ ನಾವು ನಿಲಯಗಳನ್ನೂ ಗಾಯಕರನ್ನೂ ನೆನೆಯುತ್ತೇವೆ, ಈ ಕೈಗಳನ್ನು ನೆನೆಯುವುದು ಕಡಿಮೆ.

ವಾಹನದೊಳಗೆ ರೇಡಿಯೊ ಬಂದದ್ದೇ ಹೊರಗಿನಿಂದ. ಅಮೆರಿಕದ ಷಿಕಾಗೊ ನಗರದಲ್ಲಿ ಪಾಲ್ ಗಾಲ್ವಿನ್ ಮತ್ತು ಜೋಸೆಫ್ ಗಾಲ್ವಿನ್ ಎಂಬ ಸೋದರರು 1928ರಲ್ಲಿ ಒಂದು ಸಣ್ಣ ಕಂಪನಿ ತೆರೆದಿದ್ದರು. 1930ರಲ್ಲಿ ಅವರು ಯಾವ ಕಾರಿಗಾದರೂ ಜೋಡಿಸಬಹುದಾದ ರೇಡಿಯೊವನ್ನು ಮಾರುಕಟ್ಟೆಗೆ ತಂದರು. ಅದಕ್ಕಿಟ್ಟ ಹೆಸರು ಮೋಟರೋಲಾ. ಮುಂದೆ 1947ರಲ್ಲಿ ಆ ಹೆಸರೇ ಕಂಪನಿಯ ಹೆಸರಾಯಿತು. ಜೋಡಣೆಯ ಖರ್ಚೂ ಸೇರಿ ರೇಡಿಯೊದ ಬೆಲೆ ಆಗ ನೂರು ಡಾಲರಿಗೂ ಮೇಲಿತ್ತು. ಅಂದಿನ ಸಾಧಾರಣ ಫೋರ್ಡ್ ಕಾರಿನ ಬೆಲೆಯಲ್ಲಿ ಇದು ಸುಮಾರು ಐದನೇ ಒಂದು ಪಾಲು.

ಜೋಡಿಸುವುದೂ ಸುಲಭದ ಕೆಲಸವಾಗಿರಲಿಲ್ಲ. ಏರಿಯಲ್ ತಂತಿಯನ್ನು ಛಾವಣಿಯ ಒಳಬಟ್ಟೆಯಡಿ ಹರಡಬೇಕಿತ್ತು. ಹೆಚ್ಚು ವೋಲ್ಟೇಜಿನ ಪ್ರತ್ಯೇಕ ಬ್ಯಾಟರಿಗಳಿಗೆ ನೆಲಹಲಗೆಯ ಕೆಳಗೆ ಜಾಗ ಮಾಡಬೇಕಿತ್ತು. ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳ ಪ್ರತಿ ಕಿಡಿಯೂ ರೇಡಿಯೊದಲ್ಲಿ ಚಟಪಟ ಸದ್ದಾಗಿ ಕೇಳುತ್ತಿದ್ದುದರಿಂದ ಅದನ್ನು ಅಡಗಿಸುವ ಬಿಡಿಭಾಗಗಳನ್ನು ಸೇರಿಸಬೇಕಿತ್ತು. ಆನಂತರ ಬಂದ ವೈಬ್ರೇಟರ್ ಎಂಬ ಸಾಧನ, ವಾಹನದ 6 ವೋಲ್ಟ್ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ತಡೆದು ಬಿಟ್ಟು, ಟ್ರಾನ್ಸ್‌ಫಾರ್ಮರಿನ ಮೂಲಕ ವಾಲ್ವುಗಳಿಗೆ ಬೇಕಾದ ಮಟ್ಟಕ್ಕೆ ಏರಿಸಿತು. 1955ರಲ್ಲಿ ಕ್ರೈಸ್ಲರ್ ಮತ್ತು ಫಿಲ್ಕೊ ಕಂಪನಿಗಳು ವಾಲ್ವುಗಳೇ ಇಲ್ಲದ, ಪೂರ್ತಿ ಟ್ರಾನ್ಸಿಸ್ಟರಿನ ಕಾರ್ ರೇಡಿಯೊವನ್ನು ಹೊರತಂದವು.

ನಮ್ಮ ದೇಶದ ಕತೆ ಬೇರೆ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ರೇಡಿಯೊ ಇಟ್ಟುಕೊಳ್ಳುವುದು ಅಪರಾಧವಾಗಿತ್ತು. ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟಬೇಕಿದ್ದ ಆ ಪದ್ಧತಿ ಪೂರ್ಣವಾಗಿ ಕೊನೆಗೊಂಡದ್ದು 1980ರ ದಶಕದ ನಡುವಿನಲ್ಲಿ. ಈ ನಡುವೆ 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್ ಬೆಂಜ್ ಸಹಯೋಗದಲ್ಲಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. ಕೊಳ್ಳುವವರಿಗೆ ಎಷ್ಟೋ ವೇಳೆ ಸಿಗುತ್ತಿದ್ದದ್ದು ಎಂಜಿನ್, ಚಾಸಿ ಮತ್ತು ಮುಂಭಾಗದ ಮುಸುಡಿ ಮಾತ್ರ. ಚಾಲಕ ಕೂರುವ ಕ್ಯಾಬಿನ್ನನ್ನು ನಾಮಕ್ಕಲ್‌ನಂಥ ಊರುಗಳ ಬಾಡಿ ಕಟ್ಟುವವರು ಮರ ಮತ್ತು ತಗಡಿನಿಂದ ಕಟ್ಟುತ್ತಿದ್ದರು. ಹೀಗಾಗಿ ರೇಡಿಯೊ ಎಲ್ಲಿ ಕೂರಬೇಕು, ಸ್ಪೀಕರ್ ಯಾವ ಮೂಲೆಗೆ ಹೋಗಬೇಕು ಎಂಬುದನ್ನು ತೀರ್ಮಾನಿಸುವವರು ಬಡಗಿ, ವೆಲ್ಡರ್ ಮತ್ತು ಎಲೆಕ್ಟ್ರಿಷಿಯನ್ ಆದರು.

ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ಕನ್ನು ಉಸ್ತಾದ್ ಎಂದು ಕರೆಯುವ ರೂಢಿ ನಮ್ಮ ಊರುಗಳಲ್ಲಿದೆ. ಉರ್ದುವಿನಲ್ಲಿ ಇದೇ ಮಾತು ಸಂಗೀತದ ಗುರುವಿಗೂ ಸಲ್ಲುತ್ತದೆ. ಲಾರಿಯ ರೇಡಿಯೊ ಮಟ್ಟಿಗೆ ಈ ಇಬ್ಬರು ಉಸ್ತಾದರೂ ಒಂದೇ ಕೆಲಸದ ಎರಡು ತುದಿಗಳಲ್ಲಿದ್ದಾರೆ ಎನ್ನಬಹುದು. ಒಬ್ಬರ ಹಾಡು ಇನ್ನೊಬ್ಬರ ತಂತಿಯಿಲ್ಲದೆ ಚಾಲಕನಿಗೆ ತಲುಪುವುದಿಲ್ಲ.

ಆ ತಂತಿಯ ಕೆಲಸದಲ್ಲಿ ತಿಳಿವಳಿಕೆ ಬಹಳ ಬೇಕು. ಹೊಸ ರೇಡಿಯೊ ಬಯಸುವುದು 12 ವೋಲ್ಟ್. ಭಾರಿ ಲಾರಿಗಳಲ್ಲಾದರೋ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಒಂದೇ ಬ್ಯಾಟರಿಯಿಂದ ರೇಡಿಯೊಗೆ ತಂತಿ ಎಳೆದರೆ ಹಾಡೇನೋ ಕೇಳುತ್ತದೆ. ಆದರೆ ಆ ಬ್ಯಾಟರಿ ಸೊರಗುತ್ತ, ಜೊತೆಯದು ಅತಿಯಾಗಿ ಚಾರ್ಜ್ ಆಗುತ್ತ, ಎರಡೂ ಬೇಗ ಹಾಳಾಗುತ್ತವೆ. ನಡುವೆ ವೋಲ್ಟೇಜ್ ಇಳಿಸುವ ಕನ್ವರ್ಟರ್ ಹಾಕುವುದೇ ಸರಿಯಾದ ದಾರಿ. ಇನ್ನು ಕೆಲವು ಹಳೆಯ ವಾಹನಗಳಲ್ಲಿ ಚಾಸಿಗೆ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಸೇರಿಸಿರುತ್ತಾರೆ. ಇಂದಿನ ರೇಡಿಯೊಗಳು ನೆಗೆಟಿವ್ ಅರ್ತಿಗೆಂದೇ ಮಾಡಿದವು. ನೋಡದೆ ಜೋಡಿಸಿದರೆ ಮೊದಲ ಸ್ವರ ಹೊರಡುವ ಮೊದಲೇ ಸುಟ್ಟುಹೋಗುತ್ತವೆ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಆದ್ದರಿಂದ ಕಿಡಿಯ ಸದ್ದಿಲ್ಲ. ಆದರೆ ಆಲ್ಟರ್ನೇಟರಿನ ಗುಯ್‌ಗುಡುವಿಕೆ ವೇಗದೊಂದಿಗೆ ಏರುತ್ತದೆ. ಅರ್ತ್ ತಂತಿಯನ್ನು ಬಣ್ಣ ಕೆರೆದ ಶುದ್ಧ ಲೋಹಕ್ಕೆ ಬಿಗಿದರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ.

ಇಷ್ಟೆಲ್ಲ ಪಾಡು ಯಾಕೆ ಎಂದು ಕೇಳುವವರು ರಾತ್ರಿಯ ಹೆದ್ದಾರಿಯನ್ನು ನೆನೆಯಬೇಕು. ಮೀಡಿಯಂ ವೇವ್ ಅಲೆಗಳು ಹಗಲಲ್ಲಿ ನೆಲ ಹಿಡಿದು ಸಾಗುತ್ತವೆ. ಕತ್ತಲಾದ ಮೇಲೆ ಮೇಲಿನ ಅಯಾನುಮಂಡಲಕ್ಕೆ ತಾಗಿ ಮರಳುತ್ತ ನೂರಾರು ಕಿಲೋಮೀಟರ್ ದೂರ ಬೀಳುತ್ತವೆ. ಹೀಗೆ ನಿದ್ದೆಗೆಟ್ಟು ಓಡಿಸುವ ಹೊತ್ತಿನಲ್ಲೇ ದೂರದ ನಿಲಯಗಳು ಹತ್ತಿರವಾಗುತ್ತವೆ. 2001ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರೇಡಿಯೊ ಸಿಟಿ ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ. ಎಫ್‌ಎಂ ಧ್ವನಿ ಸ್ವಚ್ಛ, ಆದರೆ ಅದರ ಹರವು ಊರಿನ ಸುತ್ತಮುತ್ತ ಮಾತ್ರ. ಹೊಸ ಸೆಟ್ ಕೊಳ್ಳುವ ಲಾರಿ ಮಾಲೀಕರು ಅದರಲ್ಲಿ ಮೀಡಿಯಂ ವೇವ್ ಇದೆಯೇ ಎಂದು ನೋಡುವುದು ಚಾಲಕನಿಗೆ ಮಾಡುವ ಉಪಕಾರ.

ಇನ್ನೊಂದು ಮಾತು. ಇಂದಿನ ರೇಡಿಯೊಗಳ ಮುಖ ಸಾಮಾನ್ಯವಾಗಿ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಜರ್ಮನಿಯಲ್ಲಿ ಹುಟ್ಟಿದ ಈ ಅಳತೆ ಮುಂದೆ ಅಂತರರಾಷ್ಟ್ರೀಯ ಮಾನದಂಡವಾಯಿತು. ಹಳೆಯ ವಾಹನಗಳ ಕಿಂಡಿ ಹಾಗಿಲ್ಲ. ಎರಡು ಗುಂಡಿಗಳಿಗೆ ಎರಡು ತೂತು, ನಡುವೆ ಚಿಕ್ಕ ಕಿಟಕಿ. ಹೊಸದನ್ನು ತೂರಿಸಲು ಹಳೆಯ ಉಕ್ಕಿನ ಫಲಕವನ್ನು ಕತ್ತರಿಸಿದರೆ ಅದು ಮರಳಿ ಬರುವುದಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಪ್ರತ್ಯೇಕ ಪೆಟ್ಟಿಗೆಯಲ್ಲಿ ಕೂರಿಸಬಹುದು. ಒಬ್ಬ ಹಳೆಯ ಉಸ್ತಾದ್ ಅರದಿಂದ ಉಜ್ಜಿದ ಅಂಚು ಒಂದು ದಾಖಲೆ, ಅದಕ್ಕೆ ಬೇರೆ ಪ್ರತಿಯಿಲ್ಲ.

ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಅಧಿಸೂಚನೆ, 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣವನ್ನು ಕಡ್ಡಾಯ ಮಾಡಿತು. ಜಮ್‌ಶೆಡ್‌ಪುರದಲ್ಲಿ ಆ ಮೊದಲ ಲಾರಿಗಳು ಹೊರಬಂದು ಆಗ ಎಪ್ಪತ್ತೊಂದು ವರ್ಷ. ಚಾಲಕನ ಮೈಯನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳಲು ಅಷ್ಟು ಕಾಲ ಬೇಕಾಯಿತು. ಅವನ ಕಿವಿಯ ಯೋಗಕ್ಷೇಮವನ್ನು ಗ್ಯಾರೇಜಿನವರು ಯಾವ ಅಧಿಸೂಚನೆಗೂ ಕಾಯದೆ ನೋಡಿಕೊಂಡಿದ್ದರು.