ರಬ್ಬರ್ ಅಚ್ಚು ಮತ್ತು ಮರೆತ ವ್ಯಾಗನ್‌ಗಳು: ಅಮೆರಿಕದ ಮಾದರಿ ರೈಲಿನಲ್ಲಿ ರೆಸಿನ್ ಎರಕ

ಅಮೆರಿಕದ ಮಾದರಿ ರೈಲು ಹವ್ಯಾಸದಲ್ಲಿ, ಅಂದರೆ ನಿಜವಾದ ರೈಲುಗಳನ್ನು ನಿಗದಿತ ಅನುಪಾತಕ್ಕೆ ಕಿರಿದಾಗಿಸಿ ಕಟ್ಟಿ ಓಡಿಸುವ ಕಲೆಯಲ್ಲಿ, ಗೂಡ್ಸ್ ವ್ಯಾಗನ್ ಬಹುಕಾಲ ಎಂಜಿನ್ನಿನ ಹಿಂದೆ ಸಾಗುವ ಹೊರೆಯಾಗಿಯಷ್ಟೇ ಉಳಿದಿತ್ತು. 1934ರಲ್ಲಿ ಮಿಲ್ವಾಕಿಯಲ್ಲಿ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆ ಆರಂಭವಾಯಿತು. ಮರುವರ್ಷ ಅದೇ ಊರಿನಲ್ಲಿ ಹುಟ್ಟಿದ ರಾಷ್ಟ್ರೀಯ ಮಾದರಿ ರೈಲು ಸಂಘ ಗಾಲಿ ಮತ್ತು ಹಳಿಗಳ ಅಳತೆಗಳನ್ನು ಒಂದು ಶಿಸ್ತಿಗೆ ತಂದಿತು. ಮುಂದೆ ಎಲ್ಲಕ್ಕಿಂತ ಹೆಚ್ಚು ಬಳಕೆಗೆ ಬಂದದ್ದು ಎಚ್‌ಓ ಎಂಬ 1:87 ಅನುಪಾತದ ಅಳತೆ. ಇದರಲ್ಲಿ 40 ಅಡಿ ಉದ್ದದ ವ್ಯಾಗನ್ ಸುಮಾರು 14 ಸೆಂಟಿಮೀಟರಿಗೆ ಇಳಿದರೆ, ಅದರ ಉಕ್ಕಿನ ತಗಡುಗಳನ್ನು ಹಿಡಿದಿಟ್ಟ ಒಂದಂಗುಲದ ರಿವೆಟ್ ತಲೆ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತಲೂ ಚಿಕ್ಕದಾಗುತ್ತದೆ.

ಮೊದಲ ತಲೆಮಾರಿನ ಕಿಟ್‌ಗಳು, ಅಂದರೆ ಕೊಂಡವರೇ ಜೋಡಿಸಿಕೊಳ್ಳಬೇಕಾದ ಬಿಡಿಭಾಗಗಳ ಪೊಟ್ಟಣಗಳು, ಮರದ ಪಟ್ಟಿಗಳಿಂದಲೂ ಮುದ್ರಿತ ಕಾಗದದಿಂದಲೂ ಸುಲಭವಾಗಿ ಕರಗುವ ಸೀಸ-ತವರದ ಬಿಳಿಲೋಹದ ಎರಕಗಳಿಂದಲೂ ಕೂಡಿದ್ದವು. ಎರಡನೆಯ ಮಹಾಯುದ್ಧದ ನಂತರ ಜಪಾನಿನಿಂದ ಹಿತ್ತಾಳೆಯ ಮಾದರಿಗಳು ಬಂದವಾದರೂ ಅವು ದುಬಾರಿಯಾಗಿದ್ದವು. 1950ರ ದಶಕದಿಂದ ಏಥರ್ನ್‌ನಂತಹ ಕಂಪನಿಗಳು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸಿ, ಒತ್ತಡದಿಂದ ಲೋಹದ ಅಚ್ಚಿಗೆ ತುಂಬಿ, ಅಗ್ಗದ ವ್ಯಾಗನ್‌ಗಳನ್ನು ಅಪಾರ ಸಂಖ್ಯೆಯಲ್ಲಿ ತಯಾರಿಸಿದವು. ಹವ್ಯಾಸ ಸಾಮಾನ್ಯರ ಕೈಗೆ ಎಟುಕಿದ್ದು ಈ ವಿಧಾನದಿಂದಲೇ ಎಂಬುದನ್ನು ಮರೆಯಲಾಗದು. ಆದರೆ ಲೋಹದ ಅಚ್ಚು ಕೊರೆಯಿಸುವ ಖರ್ಚು ಹುಟ್ಟಬೇಕಾದರೆ ಸಾವಿರಾರು ಪ್ರತಿಗಳು ಮಾರಾಟವಾಗಲೇಬೇಕಿತ್ತು. ಆದ್ದರಿಂದ ಒಂದೇ ಅಚ್ಚಿನ ವ್ಯಾಗನ್ನಿಗೆ ಹತ್ತಾರು ರೈಲು ಕಂಪನಿಗಳ ಬಣ್ಣ ಬಳಿದು, ಹೆಸರು ಬರೆದು ಮಾರುವುದು ರೂಢಿಯಾಯಿತು.

ನಿಜವಾದ ಹಳಿಗಳ ಮೇಲೆ ಅಂತಹ ಏಕರೂಪತೆ ಎಂದೂ ಇರಲಿಲ್ಲ. ಮೊದಲ ಮಹಾಯುದ್ಧದ ಒತ್ತಡದಲ್ಲಿ, 1917ರ ಡಿಸೆಂಬರಿನಲ್ಲಿ, ಅಮೆರಿಕದ ಸರ್ಕಾರ ಖಾಸಗಿ ರೈಲುಗಳ ಆಡಳಿತವನ್ನು ತಾನೇ ವಹಿಸಿಕೊಂಡಿತು. ಅದು ತರಿಸಿದ ಒಂದು ಲಕ್ಷ ವ್ಯಾಗನ್‌ಗಳೆಲ್ಲ ಕೇವಲ ಐದು ಪ್ರಮಾಣಿತ ವಿನ್ಯಾಸಗಳವು: ಒಳಗೂ ಹೊರಗೂ ಹಲಗೆ ಹೊದಿಸಿದ ಮುಚ್ಚುವ್ಯಾಗನ್‌ಗಳು 25 ಸಾವಿರ, ಉಕ್ಕಿನ ಚೌಕಟ್ಟು ಹೊರಗೆ ಕಾಣುವಂತೆ ಒಳಬದಿಗೆ ಮಾತ್ರ ಹಲಗೆ ಹೊದಿಸಿದವು 25 ಸಾವಿರ, ತಳದ ಬಾಗಿಲು ತೆರೆದು ಕಲ್ಲಿದ್ದಲು ಸುರಿಸುವ ಹಾಪರ್‌ಗಳು 25 ಸಾವಿರ, ಉಳಿದವು ಎರಡು ಬಗೆಯ ತೆರೆದ ಗೊಂಡೋಲಾಗಳು. 1920ರಲ್ಲಿ ರೈಲುಗಳು ಖಾಸಗಿ ಆಡಳಿತಕ್ಕೆ ಮರಳಿದ ಮೇಲೆ, ಅಷ್ಟು ಕಟ್ಟುನಿಟ್ಟಾಗಿ ಒಂದೇ ಆಗಿದ್ದ ಈ ವ್ಯಾಗನ್‌ಗಳು ಕೂಡ ತಮ್ಮ ತಮ್ಮ ಕಂಪನಿಗಳ ಕಾರ್ಖಾನೆಗಳಲ್ಲಿ ಬೇರೆ ಬೇರೆ ದಾರಿ ಹಿಡಿದವು. ಒಂದು ಕಡೆ ಮರದ ಗೋಡೆ ಕಿತ್ತು ಉಕ್ಕಿನ ತಗಡು ಹೊದಿಸಿದರೆ, ಇನ್ನೊಂದು ಕಡೆ ಚಾವಣಿ ಎತ್ತರಿಸಿದರು. ಮತ್ತೊಂದು ಕಡೆ ಬಾಗಿಲನ್ನೋ ಬ್ರೇಕನ್ನೋ ಬದಲಿಸಿದರು. ಹೀಗೆ ಒಂದು ಕಂಪನಿಯ ಕೆಲವೇ ನೂರು ವ್ಯಾಗನ್‌ಗಳಿಗೆ ಸೀಮಿತವಾದ ರೂಪಗಳನ್ನು ಲೋಹದ ಅಚ್ಚಿನಲ್ಲಿ ಹಿಡಿಯಲು ಯಾವ ಪ್ಲಾಸ್ಟಿಕ್ ಕಾರ್ಖಾನೆಗೂ ಕಾರಣವಿರಲಿಲ್ಲ.

ಆ ರೂಪಗಳಿಗೆ ಎಡೆ ಮಾಡಿಕೊಟ್ಟದ್ದು ಎರಡು ರಾಸಾಯನಿಕ ವಸ್ತುಗಳು. ಒಂದು, ಕೋಣೆಯ ಸಾಮಾನ್ಯ ಉಷ್ಣತೆಯಲ್ಲೇ ಗಟ್ಟಿಯಾಗುವ ಸಿಲಿಕೋನ್ ರಬ್ಬರು. ಇನ್ನೊಂದು ಪಾಲಿಯುರೆಥೇನ್, 1937ರಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಒಟ್ಟೊ ಬಾಯರ್ ಮತ್ತು ಸಂಗಡಿಗರು ರೂಪಿಸಿದ ಈ ವಸ್ತು ಕಾಲಾಂತರದಲ್ಲಿ, ಎರಡು ದ್ರವಗಳನ್ನು ಬೆರೆಸಿದ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ಎರಕದ ರೆಸಿನ್ ಆಗಿ ಹವ್ಯಾಸಿಗಳಿಗೂ ದೊರೆಯತೊಡಗಿತು. ಕುಲುಮೆಯಾಗಲಿ ಭಾರಿ ಯಂತ್ರವಾಗಲಿ ಬೇಕಿಲ್ಲದ ಈ ಕೆಲಸ ಮನೆಯ ನೆಲಮಾಳಿಗೆಯ ಮೇಜಿನ ಮೇಲೆಯೇ ಸಾಧ್ಯವಾಯಿತು.

ಕೆಲಸದ ಜೀವಾಳವಿರುವುದು ಮೂಲರೂಪದಲ್ಲಿ, ಅಂದರೆ ಅಚ್ಚು ತೆಗೆಯಲೆಂದು ಕೈಯಿಂದ ಕಟ್ಟುವ ಮೊದಲ ಪ್ರತಿಯಲ್ಲಿ. ತೆಳುವಾದ ಸ್ಟೈರೀನ್ ಹಾಳೆಯ ಮೇಲೆ ಹಲಗೆಗಳ ಸಂದುಗಳನ್ನು ಗೀರಿ, ಕಂಬಗಳ ಜಾಗದಲ್ಲಿ ಸಣ್ಣ ಪಟ್ಟಿಗಳನ್ನು ಅಂಟಿಸಿ, ಹಿಂಬದಿಯಿಂದ ಮೊನೆಯೊತ್ತಿ ರಿವೆಟ್‌ಗಳನ್ನು ಒಂದೊಂದಾಗಿ ಉಬ್ಬಿಸಲು ವಾರಗಟ್ಟಲೆ ತಾಳ್ಮೆ ಬೇಕಾಗುತ್ತದೆ. ಸಿಲಿಕೋನ್ ನಿಷ್ಠುರವಾದ ಸಾಕ್ಷಿ. ಮೂಲರೂಪದ ರಿವೆಟ್ಟನ್ನು ಎಷ್ಟು ನಿಖರವಾಗಿ ಹಿಡಿಯುತ್ತದೆಯೋ ಅದರ ಮೇಲೆ ಉಳಿದ ಬೆರಳಚ್ಚನ್ನೂ ಅಷ್ಟೇ ನಿಖರವಾಗಿ ಹಿಡಿಯುತ್ತದೆ. ಮೂಲರೂಪವನ್ನು ಚಿಕ್ಕ ಪೆಟ್ಟಿಗೆಯ ತಳಕ್ಕೆ ಅಂಟಿಸಿ, ಸಿಲಿಕೋನನ್ನು ಸಣ್ಣ ಧಾರೆಯಾಗಿ ಒಂದು ಮೂಲೆಯಿಂದ ಹೊಯ್ದು, ಅದು ತಾನಾಗಿ ಹರಿದು ಗಾಳಿಯನ್ನು ಮುಂದಕ್ಕೆ ತಳ್ಳುವಂತೆ ಮಾಡುತ್ತಾರೆ. ಗಟ್ಟಿಯಾದ ಅಚ್ಚು ಬಾಗುವ ಗುಣದ್ದಾದ್ದರಿಂದ, ಲೋಹದ ಅಚ್ಚಿನಲ್ಲಾದರೆ ಸಿಕ್ಕಿಕೊಳ್ಳುವಂತಹ ಒಳಸರಿದ ಭಾಗಗಳಿಂದಲೂ ಎರಕವನ್ನು ಸುಲಿದು ತೆಗೆಯಬಹುದು. ರೆಸಿನ್ ಹೊಯ್ಯುವಾಗ ಎರಡು ಶತ್ರುಗಳಿವೆ. ಒಂದು ಸಿಕ್ಕಿಬಿದ್ದ ಗಾಳಿ. ಇನ್ನೊಂದು ತೇವ, ಏಕೆಂದರೆ ಪಾಲಿಯುರೆಥೇನಿನ ಒಂದು ಘಟಕವಾದ ಐಸೊಸಯನೇಟ್ ನೀರಿನೊಡನೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಎರಕವೆಲ್ಲ ನೊರೆಯಾಗುತ್ತದೆ. ನಿರ್ವಾತದಲ್ಲಿಟ್ಟು ಗುಳ್ಳೆಗಳನ್ನು ಹೊರಗೆಳೆಯುವುದು, ಇಲ್ಲವೇ ಒತ್ತಡದ ಪಾತ್ರೆಯಲ್ಲಿಟ್ಟು ಅವುಗಳನ್ನು ಕಣ್ಣಿಗೆ ಕಾಣದಷ್ಟು ಕುಗ್ಗಿಸುವುದು ಗಾಳಿಗೆ ಕಂಡುಕೊಂಡ ಪರಿಹಾರಗಳು. ಉಸಿರಾಟಕ್ಕೆ ಹಾನಿಕರವಾದ ಐಸೊಸಯನೇಟಿನ ಆವಿಯಿಂದಾಗಿ ಗಾಳಿಯಾಡುವ ಕೋಣೆಯೂ ಈ ಕಸುಬಿಗೆ ಅನಿವಾರ್ಯ.

ಪ್ರತಿ ಎರಕದ ಬಿಸಿಗೂ ರಾಸಾಯನಿಕಕ್ಕೂ ಸಿಲಿಕೋನ್ ಸ್ವಲ್ಪ ಸ್ವಲ್ಪವೇ ಸವೆದು, ಕೆಲವು ಡಜನ್ ಪ್ರತಿಗಳಾಗುವಷ್ಟರಲ್ಲಿ ಅಚ್ಚು ಹರಿಯತೊಡಗುತ್ತದೆ. ಇದನ್ನು ಈ ವಿಧಾನದ ದೋಷವೆಂದು ಎಣಿಸುವುದು ವಾಡಿಕೆಯಾದರೂ, ಚರಿತ್ರೆಯ ದೃಷ್ಟಿಯಿಂದ ಅದನ್ನು ವರವೆಂದೇ ಕರೆಯಬೇಕು: ಅಗ್ಗವಾಗಿ ಹುಟ್ಟಿ ಬೇಗ ಸಾಯುವ ಅಚ್ಚಿಗೆ ಸಾವಿರಾರು ಗಿರಾಕಿಗಳ ಹಂಗಿಲ್ಲ, ಇನ್ನೂರು ಜನ ಬಯಸುವ ವ್ಯಾಗನ್ನಿಗೂ ಅಂತಹ ಕೆಲವು ಅಚ್ಚುಗಳು ಸಾಕು. 1980ರ ದಶಕದಿಂದ ವೆಸ್ಟರ್‌ಫೀಲ್ಡ್, ಸನ್‌ಶೈನ್ ಮಾಡೆಲ್ಸ್, ಫುನಾರೊ ಅಂಡ್ ಕ್ಯಾಮರ್ಲೆಂಗೊ ಮುಂತಾದ ಪುಟ್ಟ ಸಂಸ್ಥೆಗಳು ಹೊರತಂದ ಕಿಟ್‌ಗಳು ಇಂತಹವು. ಪಕ್ಕದ ಗೋಡೆ, ತುದಿ, ಚಾವಣಿಗಳು ಬಿಡಿಬಿಡಿಯಾದ ಚಪ್ಪಟೆ ಎರಕಗಳಾಗಿ ಬರುತ್ತಿದ್ದವು. ಅವುಗಳ ಅಂಚಿಗೆ ಉಳಿದ ಸಿಪ್ಪೆಯಂತಹ ರೆಸಿನ್ ಪೊರೆಯನ್ನು ಉಜ್ಜಿ ತೆಗೆದು, ಚೌಕವಾಗಿ ಜೋಡಿಸಿ, ತಂತಿಯಿಂದ ಹಿಡಿಕೆಗಳನ್ನು ಬಾಗಿಸಿ ಕೂರಿಸುವುದು ಕೊಂಡವರ ಪಾಲಿನ ಕೆಲಸ. ಪೊಟ್ಟಣದೊಳಗೆ ಆ ವ್ಯಾಗನ್ನಿನ ಚರಿತ್ರೆಯನ್ನು ಹೇಳುವ ಹಾಳೆಗಳೂ ಇರುತ್ತಿದ್ದವು: ಯಾವ ಕಂಪನಿ ಕಟ್ಟಿಸಿತು, ಯಾವ ವರ್ಷ, ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ. ಹಳೆಯ ಛಾಯಾಚಿತ್ರಗಳನ್ನೂ ಕಾರ್ಖಾನೆಯ ನಕ್ಷೆಗಳನ್ನೂ ಹೋಲಿಸಿ ನೋಡುವ ಸಂಶೋಧನೆ ಹೀಗೆ ಆಟಿಕೆಯೆಂದು ಹಲವರು ಭಾವಿಸಿದ್ದ ಒಂದು ವಸ್ತುವಿನ ಅಂಗವಾಯಿತು. ವೃತ್ತಿಪರ ಇತಿಹಾಸಕಾರರು ಅಷ್ಟಾಗಿ ಗಮನಿಸದ ಗೂಡ್ಸ್ ವ್ಯಾಗನ್ನಿನ ಬಗ್ಗೆ ಇಂದು ದೊರೆಯುವ ವಿವರಗಳಲ್ಲಿ ಈ ಹವ್ಯಾಸಿಗಳ ದುಡಿಮೆ ದೊಡ್ಡದು.

ಕಾಲಕ್ರಮದಲ್ಲಿ ಪ್ಲಾಸ್ಟಿಕ್ ತಯಾರಕರೂ ನಿಖರತೆಯ ಕಡೆಗೆ ಹೊರಳಿದರು; ಒಬ್ಬಿಬ್ಬರ ಕೈಯನ್ನೇ ನಂಬಿದ್ದ ಕೆಲವು ರೆಸಿನ್ ಸಂಸ್ಥೆಗಳು ಅವರೊಂದಿಗೇ ನಿಂತುಹೋದವು. ಇತ್ತೀಚೆಗೆ ಮೂಲರೂಪವನ್ನು ಗಣಕದಲ್ಲಿ ಚಿತ್ರಿಸಿ, ಬೆಳಕಿಗೆ ಗಟ್ಟಿಯಾಗುವ ದ್ರವದಿಂದ ಪದರ ಪದರವಾಗಿ ಮುದ್ರಿಸುವುದು ಸಾಮಾನ್ಯವಾಗಿದೆ. ಆದರೆ ಇಂತಹ ಮುದ್ರಿತ ರೂಪದ ಮೇಲ್ಮೈಯಲ್ಲಿ ಉಳಿಯುವ ರಾಸಾಯನಿಕ, ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಸಿಲಿಕೋನನ್ನು ಅಂಟಂಟಾಗಿಯೇ ಉಳಿಸಿಬಿಡುತ್ತದೆ. ಆದ್ದರಿಂದ ಹೊಸ ಮೂಲರೂಪಗಳಿಂದ ಅಚ್ಚು ತೆಗೆಯುವ ಹಲವರು, ಬಾಳಿಕೆ ಕಡಿಮೆಯೆಂದು ಗೊತ್ತಿದ್ದೂ, ತವರದ ಸಂಯುಕ್ತದಿಂದ ಗಟ್ಟಿಯಾಗುವ ಹಳೆಯ ಬಗೆಯ ಸಿಲಿಕೋನನ್ನೇ ಬಳಸುತ್ತಾರೆ.