ಯುಗೊ ನಿಜಕ್ಕೂ ‘ಜಗತ್ತಿನ ಅತಿ ಕೆಟ್ಟ ಕಾರು’ ಆಗಿತ್ತೇ?

“ಯುಗೊ ಕಾರಿನ ಹಿಂದಿನ ಗಾಜಿಗೆ ಬಿಸಿ ಮಾಡುವ ತಂತಿ ಯಾಕಿದೆ?”
“ಚಳಿಗಾಲದಲ್ಲಿ ತಳ್ಳುವವರ ಕೈ ಬೆಚ್ಚಗಿರಲಿ ಅಂತ.”

1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಓಡಾಡುತ್ತಿದ್ದ ಜೋಕು ಇದು. ಇಂಥವು ಹತ್ತಾರು ಇದ್ದವು. ಯುಗೊಸ್ಲಾವಿಯಾದಿಂದ ಬಂದ ಆ ಪುಟ್ಟ ಕಾರಿನ ಹೆಸರು ಇಂದಿಗೂ ‘ಅತಿ ಕೆಟ್ಟ ಕಾರುಗಳು’ ಎಂಬ ಪಟ್ಟಿಗಳಲ್ಲಿ ಮೇಲೆಯೇ ಇರುತ್ತದೆ. ಆದರೆ ಅದೇ ಕಾರು ತನ್ನ ತವರಿನಲ್ಲಿ ಮೂರು ದಶಕ ತಯಾರಾಯಿತು, ಒಟ್ಟು ಸುಮಾರು 7.9 ಲಕ್ಷ ಕಾರುಗಳು ಹೊರಬಂದವು. ಹಾಗಿದ್ದರೆ ಅದರ ಕೆಟ್ಟ ಹೆಸರಿನಲ್ಲಿ ಕಾರಿನ ತಪ್ಪೆಷ್ಟು, ಜೋಕಿನ ಕೊಡುಗೆಯೆಷ್ಟು? ಬಿಡಿಸಿ ನೋಡೋಣ.

ಬಂದೂಕಿನ ಊರಿನ ಕಾರು

ಯುಗೊ ತಯಾರಾಗುತ್ತಿದ್ದುದು ಇಂದಿನ ಸರ್ಬಿಯಾದ ಕ್ರಾಗುಯೆವಾತ್ಸ್ ಎಂಬ ಊರಿನಲ್ಲಿ, ಜಾಸ್ತವಾ ಕಂಪನಿಯ ಕಾರ್ಖಾನೆಯಲ್ಲಿ. 1853ರಲ್ಲಿ ಅಲ್ಲಿ ಶುರುವಾದದ್ದು ಫಿರಂಗಿ ಎರಕ ಹೊಯ್ಯುವ ಕೆಲಸ. ಎರಡನೇ ಮಹಾಯುದ್ಧದ ನಂತರ ಇಟಲಿಯ ಫಿಯೆಟ್ ಕಂಪನಿಯಿಂದ ಲೈಸೆನ್ಸ್ ಪಡೆದು ಕಾರು ಮಾಡತೊಡಗಿದರು. ನಮ್ಮಲ್ಲಿ ಎಲ್ಲರೂ ‘ಫಿಯೆಟ್’ ಎಂದೇ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿ ಬಂದದ್ದೂ ಇದೇ ದಾರಿಯಲ್ಲಿ: ಇಟಲಿಯಲ್ಲಿ ಹಳತಾದ ವಿನ್ಯಾಸ, ಬೇರೆ ದೇಶದಲ್ಲಿ ಹೊಸ ಬದುಕು.

ಯುಗೊ ಕೂಡ ಫಿಯೆಟ್ 127ರ ಮೂಲದ ಮೇಲೆ ಕಟ್ಟಿದ ಕಾರು. 127 ಮಾರುಕಟ್ಟೆಗೆ ಬಂದದ್ದು 1971ರಲ್ಲಿ. ಅಂದರೆ 1985ರಲ್ಲಿ ಯುಗೊ ಅಮೆರಿಕದ ಶೋರೂಮಿಗೆ ಬರುವ ಹೊತ್ತಿಗೆ ಅದರ ಒಳಗಿನ ಯೋಚನೆಗೆ ಹದಿನಾಲ್ಕು ವರ್ಷ ವಯಸ್ಸಾಗಿತ್ತು. ಯೋಚನೆ ಕೆಟ್ಟದ್ದಲ್ಲ. ಯುರೋಪಿನ ಇಕ್ಕಟ್ಟಾದ ಬೀದಿಗಳಿಗೆ, ಸಣ್ಣ ದೂರಗಳಿಗೆ, ವಾರಾಂತ್ಯದಲ್ಲಿ ತಾವೇ ಸ್ಪ್ಯಾನರ್ ಹಿಡಿದು ಕೂರುವ ಮಾಲೀಕರಿಗೆ ಅದು ಸರಿಹೋಗುತ್ತಿತ್ತು.

3,990 ಡಾಲರ್

ಇದನ್ನು ಅಮೆರಿಕಕ್ಕೆ ತಂದವರು ಮಾಲ್ಕಮ್ ಬ್ರಿಕ್ಲಿನ್. 1968ರಲ್ಲಿ ಜಪಾನಿನ ಸುಬಾರು 360 ಎಂಬ ಪುಟಾಣಿ ಕಾರನ್ನು ಅಲ್ಲಿಗೆ ತಂದಿದ್ದವರೂ ಅವರೇ. ಯುಗೊಗೆ ಅವರು ಇಟ್ಟ ಬೆಲೆ 3,990 ಡಾಲರ್. ಆಗ ಅಮೆರಿಕದಲ್ಲಿ ಸಿಗುತ್ತಿದ್ದ ಹೊಸ ಕಾರುಗಳಲ್ಲಿ ಇದೇ ಅತಿ ಅಗ್ಗ. ಯುಗೊಸ್ಲಾವಿಯಾಕ್ಕೂ ಈ ವ್ಯಾಪಾರ ಬೇಕಿತ್ತು, ವಿದೇಶಿ ಸಾಲ ತೀರಿಸಲು ಆ ದೇಶಕ್ಕೆ ಡಾಲರ್ ಬೇಕಾಗಿತ್ತು.

ಅಮೆರಿಕದ ಸುರಕ್ಷತೆ ಮತ್ತು ಹೊಗೆ ನಿಯಮಗಳಿಗೆ ಹೊಂದಿಸಲು ಕಾರಿನಲ್ಲಿ ನೂರಾರು ಬದಲಾವಣೆ ಮಾಡಬೇಕಾಯಿತು. ಕಾರ್ಖಾನೆಯಲ್ಲಿ ಅಮೆರಿಕದ ಕಾರುಗಳಿಗೆಂದೇ ಪ್ರತ್ಯೇಕ ವಿಭಾಗ ತೆರೆದರು. ಆದರೂ ಬಿಡಿಭಾಗಗಳ ಗುಣಮಟ್ಟ ಮೇಲೇಳಲಿಲ್ಲ. ವಿದ್ಯುತ್ ಸಂಪರ್ಕಗಳು ಕೈಕೊಡುತ್ತಿದ್ದವು, ಒಳಗಿನ ಪ್ಲಾಸ್ಟಿಕ್ ತುಣುಕುಗಳು ಕೈಗೆ ಬರುತ್ತಿದ್ದವು, ಗೇರ್ ಹಾಕುವುದೇ ಒಂದು ಸಾಹಸವಾಗಿತ್ತು. ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ 1986ರಲ್ಲಿ ಕಾರನ್ನು ಪರೀಕ್ಷಿಸಿ, ಇದೇ ದುಡ್ಡಿಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವುದು ಮೇಲು ಎಂಬರ್ಥದ ತೀರ್ಪು ಕೊಟ್ಟಿತು. ನಮ್ಮ ಲೆಕ್ಕದಲ್ಲಿ ಅದು ನ್ಯಾಯವಾದ ತೀರ್ಪೇ. ಜೋಕುಗಳು ಹುಟ್ಟಲು ನಿಜವಾದ ಕಾರಣವಿತ್ತು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು.

ಬೆಲ್ಟ್ ತುಂಡಾದರೆ ಏನಾಗುತ್ತದೆ?

ಯುಗೊ ಮೇಲಿನ ದೂರುಗಳಲ್ಲಿ ಅತಿ ದುಬಾರಿಯಾಗಿದ್ದದ್ದು ಇಂಜಿನ್ ಇದ್ದಕ್ಕಿದ್ದಂತೆ ಸಾಯುವುದು. ಇದರ ಹಿಂದಿನ ಕಾರಣ ಸ್ವಾರಸ್ಯಕರ, ಮತ್ತು ಇಂದಿನ ಎಷ್ಟೋ ಕಾರುಗಳಿಗೂ ಅನ್ವಯಿಸುತ್ತದೆ.

ಇಂಜಿನ್ನಿನ ಸಿಲಿಂಡರ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಸಿಲಿಂಡರಿನ ಮೇಲ್ಭಾಗದಲ್ಲಿ ವಾಲ್ವ್‌ಗಳು ತೆರೆದು ಮುಚ್ಚುತ್ತ ಗಾಳಿ–ಪೆಟ್ರೋಲನ್ನು ಒಳಗೆ ಬಿಟ್ಟು ಹೊಗೆಯನ್ನು ಹೊರಗೆ ಕಳಿಸುತ್ತವೆ. ಈ ಎರಡೂ ಕೆಲಸ ತಾಳ ತಪ್ಪದೆ ನಡೆಯಬೇಕು. ಆ ತಾಳ ಕಾಯುವುದು ಟೈಮಿಂಗ್ ಬೆಲ್ಟ್ ಎಂಬ ಹಲ್ಲಿರುವ ರಬ್ಬರ್ ಪಟ್ಟಿ.

ಕೆಲವು ಇಂಜಿನ್‌ಗಳಲ್ಲಿ ಪೂರ್ತಿ ತೆರೆದ ವಾಲ್ವ್ ಮತ್ತು ಪೂರ್ತಿ ಮೇಲೇರಿದ ಪಿಸ್ಟನ್ ನಡುವೆ ಜಾಗ ಉಳಿದಿರುತ್ತದೆ. ಅಲ್ಲಿ ಬೆಲ್ಟ್ ತುಂಡಾದರೆ ಕಾರು ನಿಲ್ಲುತ್ತದೆ ಅಷ್ಟೇ, ಹೊಸ ಬೆಲ್ಟ್ ಹಾಕಿದರೆ ಮತ್ತೆ ಓಡುತ್ತದೆ. ಇನ್ನು ಕೆಲವು ಇಂಜಿನ್‌ಗಳಲ್ಲಿ ಎರಡೂ ಒಂದೇ ಜಾಗವನ್ನು ಸರದಿಯ ಮೇಲೆ ಬಳಸುತ್ತವೆ. ಅಲ್ಲಿ ಬೆಲ್ಟ್ ತುಂಡಾದ ಕ್ಷಣ ವಾಲ್ವ್‌ಗಳು ಇದ್ದಲ್ಲೇ ನಿಲ್ಲುತ್ತವೆ, ಪಿಸ್ಟನ್ ಮಾತ್ರ ಓಟದ ರಭಸಕ್ಕೆ ಮೇಲೇರಿ ತೆರೆದ ವಾಲ್ವ್‌ಗೆ ಗುದ್ದುತ್ತದೆ. ವಾಲ್ವ್ ಬಾಗುತ್ತದೆ, ಕೆಲವೊಮ್ಮೆ ಪಿಸ್ಟನ್ ಕೂಡ ಒಡೆಯುತ್ತದೆ.

ಯುಗೊ ಇಂಜಿನ್ ಈ ಎರಡನೇ ಜಾತಿಯದು. ಸುಮಾರು 40,000 ಮೈಲಿಗೊಮ್ಮೆ, ಅಂದರೆ 64,000 ಕಿ.ಮೀ.ಗೊಮ್ಮೆ ಬೆಲ್ಟ್ ಬದಲಿಸಬೇಕಿತ್ತು. ಇಲ್ಲಿ ಕಡಿಮೆ ಬೆಲೆಯ ಇನ್ನೊಂದು ಪರಿಣಾಮ ನೋಡಿ. ಅತಿ ಅಗ್ಗದ ಕಾರು ಕೊಂಡವರಲ್ಲಿ ಹಲವರು ಸರ್ವಿಸಿಗೆ ದುಡ್ಡು ಹಾಕಲು ಹಿಂದೆಮುಂದೆ ನೋಡಿದರು. ಬೆಲ್ಟ್ ತುಂಡಾಯಿತು. ಇಂಜಿನ್ ರಿಪೇರಿಯ ಬಿಲ್ಲು ಆ ಹೊತ್ತಿಗೆ ಕಾರಿಗೆ ಉಳಿದಿದ್ದ ಬೆಲೆಯನ್ನೇ ಮೀರುತ್ತಿತ್ತು. ದುಬಾರಿ ಕಾರಾಗಿದ್ದರೆ ಗೊಣಗುತ್ತಲಾದರೂ ರಿಪೇರಿ ಮಾಡಿಸುತ್ತಿದ್ದರು. ಯುಗೊವನ್ನು ಸೀದಾ ಗುಜರಿಗೆ ಹಾಕಿದರು. ನೋಡಿದವರ ಕಣ್ಣಿಗೆ ಅದು ‘ನಾಲ್ಕು ವರ್ಷಕ್ಕೇ ಸತ್ತ ಕಾರು’. ತಪ್ಪು ಯಾರದು ಎಂದರೆ, ನಮಗೆ ಕಾಣುವಂತೆ ಇಬ್ಬರದೂ. ಆದರೆ ಈ ಒಂದು ವಿಷಯದಲ್ಲಿ ಕಾರಿನ ಪಾಲು ಜನ ಅಂದುಕೊಂಡಷ್ಟಿಲ್ಲ.

ಗಾಳಿಗೆ ಹಾರಿಹೋಯಿತೇ?

1989ರ ಸೆಪ್ಟೆಂಬರ್ 22ರಂದು ಮಿಷಿಗನ್ ರಾಜ್ಯದ ಮ್ಯಾಕಿನಾ ಸೇತುವೆಯ ಮೇಲಿಂದ ಒಂದು ಯುಗೊ ನೀರಿಗೆ ಬಿತ್ತು. ಓಡಿಸುತ್ತಿದ್ದ ಯುವತಿ ಸತ್ತರು. ಆ ದಿನ ಗಾಳಿ ಜೋರಾಗಿತ್ತು. ‘ಕಾರು ಎಷ್ಟು ಹಗುರವೆಂದರೆ ಗಾಳಿಯೇ ಎತ್ತಿಕೊಂಡು ಹೋಯಿತು’ ಎಂಬ ಮಾತು ಹರಡಿತು. ಈಗಲೂ ಇದನ್ನು ನಂಬುವವರಿದ್ದಾರೆ.

ಲೆಕ್ಕ ಹಾಕಿ ನೋಡೋಣ. ಯುಗೊ ತೂಕ ಸುಮಾರು 830 ಕೆ.ಜಿ. ಗಂಟೆಗೆ 80 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರ್ ಮೇಲೆ ಹಾಕುವ ಒತ್ತಡ ಸುಮಾರು 300 ನ್ಯೂಟನ್. ಕಾರಿನ ತಳದ ಅಳತೆ ಸುಮಾರು 5 ಚದರ ಮೀಟರ್. ಅಷ್ಟೂ ಗಾಳಿ ನೆಟ್ಟಗೆ ಕೆಳಗಿನಿಂದಲೇ ಬಡಿಯಿತು ಎಂದುಕೊಂಡರೂ ಎತ್ತುವ ಬಲ 1,500 ನ್ಯೂಟನ್, ಅಂದರೆ ಹೆಚ್ಚುಕಡಿಮೆ 150 ಕೆ.ಜಿ. ಭಾರವನ್ನು ಎತ್ತುವಷ್ಟು. ಉಳಿದ 680 ಕೆ.ಜಿ.ಯನ್ನು ಯಾರು ಎತ್ತಬೇಕು? ಗಾಳಿ ಕಾರನ್ನು ಪಕ್ಕಕ್ಕೆ ಎಳೆದಿರಬಹುದು, ಅದು ದೊಡ್ಡ ಕಾರುಗಳಿಗೂ ಆಗುತ್ತದೆ. ಆದರೆ ಕಾಗದದಂತೆ ಹಾರಿಸಲಾರದು. ಸೇತುವೆಯ ಆಡಳಿತ ಕೊಟ್ಟ ಕಾರಣ, ಮಿತಿ ಮೀರಿದ ವೇಗದಿಂದ ಕಾರು ಹತೋಟಿ ತಪ್ಪಿತು ಎಂಬುದು. ಸಾವಿನ ಕಥೆಯನ್ನೂ ಜನ ಜೋಕಿನ ಸಾಲಿಗೆ ಸೇರಿಸಿಕೊಂಡರು.

ಹ್ಯುಂಡೈಯನ್ನೂ ನಕ್ಕಿದ್ದರು

1986ರಲ್ಲಿ, ಯುಗೊ ಬಂದ ಮರುವರ್ಷ, ಕೊರಿಯಾದ ಹ್ಯುಂಡೈ ಕಂಪನಿ ಎಕ್ಸೆಲ್ ಎಂಬ ಕಾರನ್ನು 4,995 ಡಾಲರ್‌ಗೆ ಅಮೆರಿಕಕ್ಕೆ ತಂದಿತು. ಸಾವಿರ ಡಾಲರ್ ಹೆಚ್ಚು, ಆದರೆ ಕಾರು ಹೊಸ ಕಾಲದ್ದು. ಮೊದಲ ವರ್ಷವೇ ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಯುಗೊ ಅಮೆರಿಕದಲ್ಲಿ ತನ್ನ ಇಡೀ ಆಯುಸ್ಸಿನಲ್ಲಿ ಮಾರಾಟವಾದದ್ದು ಸುಮಾರು 1.4 ಲಕ್ಷ.

ಎಕ್ಸೆಲ್ ಕೂಡ ಗಟ್ಟಿ ಕಾರೇನಲ್ಲ. ಅದರ ಮೇಲೂ ದೂರುಗಳ ಮಳೆ ಸುರಿಯಿತು, ಹ್ಯುಂಡೈ ಹೆಸರೂ ಹಾಸ್ಯದ ಕಾರ್ಯಕ್ರಮಗಳಿಗೆ ಮೇವಾಯಿತು. ವ್ಯತ್ಯಾಸ ಬಂದದ್ದು ಆಮೇಲೆ. ಹ್ಯುಂಡೈ ಬಳಿ ಕಾಲಾವಕಾಶ, ದುಡ್ಡು ಎರಡೂ ಇತ್ತು. ಕಾರನ್ನು ಸುಧಾರಿಸಿ, 1990ರ ದಶಕದ ಕೊನೆಯಲ್ಲಿ ಇಂಜಿನ್–ಗೇರ್‌ಬಾಕ್ಸ್‌ಗೆ ಹತ್ತು ವರ್ಷ ಅಥವಾ ಒಂದು ಲಕ್ಷ ಮೈಲಿಯ ವಾರಂಟಿ ಕೊಟ್ಟು ಹೆಸರು ತೊಳೆದುಕೊಂಡಿತು.

ಯುಗೊಗೆ ಆ ಅವಕಾಶ ಸಿಗಲೇ ಇಲ್ಲ. ಅಮೆರಿಕದ ಆಮದು ಕಂಪನಿ 1989ರಲ್ಲಿ ದಿವಾಳಿಯಾಯಿತು. ಬಿಡಿಭಾಗ ಸಿಗುವುದು ಕಷ್ಟವಾಗಿ ಓಡುತ್ತಿದ್ದ ಕಾರುಗಳೂ ನಿಂತವು. ನಂತರ ಬಂದ ಕಾರುಗಳಿಗೆ ಕಾರ್ಬ್ಯುರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್ ಹಾಕಿದ್ದರು, ಅಂದರೆ ಕಾರು ಸುಧಾರಿಸುತ್ತಲೇ ಇತ್ತು. ಅಷ್ಟರಲ್ಲಿ ಯುಗೊಸ್ಲಾವಿಯಾ ದೇಶವೇ ಒಡೆಯಿತು. 1992ರಲ್ಲಿ ವಿಶ್ವಸಂಸ್ಥೆಯ ನಿರ್ಬಂಧ ಬಂದು ರಫ್ತು ನಿಂತಿತು. 1999ರಲ್ಲಿ ನೇಟೊ ವಿಮಾನಗಳು ಜಾಸ್ತವಾ ಕಾರ್ಖಾನೆಯ ಮೇಲೆ ಬಾಂಬ್ ಹಾಕಿದವು. ಅವಶೇಷಗಳನ್ನು ತೆಗೆದು ಕಾರ್ಮಿಕರು ಮತ್ತೆ ಅದೇ ಕಾರು ಮಾಡತೊಡಗಿದರು. ಕೊನೆಯ ಯುಗೊ ಹೊರಬಂದದ್ದು 2008ರ ನವೆಂಬರಿನಲ್ಲಿ.

ಆಮೇಲೆ ಆ ಕಾರ್ಖಾನೆಯನ್ನು ನಡೆಸಲು ಬಂದದ್ದು ಹಳೆಯ ಗುರು ಫಿಯೆಟ್. 2012ರಿಂದ ಅಲ್ಲಿ ಫಿಯೆಟ್ 500ಎಲ್ ಕಾರು ತಯಾರಾಯಿತು, ಅಮೆರಿಕಕ್ಕೂ ಹೋಯಿತು. ಅದೇ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯ ವಿಶ್ವಾಸಾರ್ಹತೆ ಪಟ್ಟಿಯಲ್ಲಿ ಅದೂ ತಳದಲ್ಲೇ ಕುಳಿತಿತು. ಅದರ ಮೇಲೆ ಕಟ್ಟಿದ ಜೋಕು ಮಾತ್ರ ಯಾರಿಗೂ ನೆನಪಿಲ್ಲ.