ವಿಜಯಪುರ ಸೀಮೆಯ ಶುಷ್ಕತೆ ಮತ್ತು ಹವಾಮಾನ ಬದಲಾವಣೆ

ವಿಜಯಪುರ ಜಿಲ್ಲೆ ಕರ್ನಾಟಕದ ಉತ್ತರ ಒಣವಲಯಕ್ಕೆ ಸೇರಿದ ಅರೆಶುಷ್ಕ ಪ್ರದೇಶ. ಇಲ್ಲಿ ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಬಿಸಿಲು, ಗಾಳಿ ಸೇರಿ ನೆಲದಿಂದಲೂ ಪೈರಿನಿಂದಲೂ ಹೀರಬಲ್ಲ ನೀರು ಅದರ ಎರಡು ಪಟ್ಟಿಗೂ ಹೆಚ್ಚು. ಈ ಕಾಯಂ ಕೊರತೆಗೆ ಶುಷ್ಕತೆ ಎಂದು ಹೆಸರು. ವಾಡಿಕೆಯ ಮಳೆಯೂ ಕೈಕೊಟ್ಟ ವರ್ಷದ ಸ್ಥಿತಿ ಬರ. ಭಾರತ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆ ವಾಡಿಕೆಗಿಂತ ಶೇ 26ರಿಂದ 50ರಷ್ಟು ಕಡಿಮೆಯಾದರೆ ಸಾಧಾರಣ ಬರ, ಅದಕ್ಕೂ ಮೀರಿದರೆ ತೀವ್ರ ಬರ. ಈ ಸೀಮೆಯ ಶುಷ್ಕತೆ ಭೂಗೋಳದಿಂದ ಬಂದದ್ದು. ಹವಾಮಾನ ಬದಲಾವಣೆ ಅದನ್ನು ಬಿಗಿಗೊಳಿಸುತ್ತಿದೆ.

ಮೂಲ ಕಾರಣಗಳು

ಅರಬ್ಬಿ ಸಮುದ್ರದಿಂದ ಬರುವ ನೈರುತ್ಯ ಮಾರುತ ಪಶ್ಚಿಮ ಘಟ್ಟವನ್ನು ಏರುವಾಗಲೇ ಬಹುಪಾಲು ನೀರನ್ನು ಸುರಿಸಿಬಿಡುತ್ತದೆ. ಕೃಷ್ಣಾ ನದಿಯ ಉಗಮವಾದ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ. ಮೀರಿ ಮಳೆಯಾಗುತ್ತದೆ. ಘಟ್ಟದಿಂದ ಪೂರ್ವಕ್ಕೆ ಇಳಿದ ಗಾಳಿ ಬಿಸಿಯಾಗಿ ಒಣಗುವುದರಿಂದ ವಿಜಯಪುರ ಮಳೆಯ ನೆರಳಿನಲ್ಲಿ ಉಳಿಯುತ್ತದೆ. ಜೂನ್, ಜುಲೈನ ಮುಂಗಾರಿ ಇಲ್ಲಿ ಅಷ್ಟಾಗಿ ನೆಚ್ಚುವಂಥದ್ದಲ್ಲ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಬಲ ಪಡೆಯುವ ಸೆಪ್ಟೆಂಬರ್, ಅಕ್ಟೋಬರ್ ಮಳೆಯ ಮೇಲೆ ವರ್ಷದ ಅನ್ನ ನಿಂತಿದೆ.

ನೆಲದ ಅಡಿಯಲ್ಲಿ ಬಹುಪಾಲು ಇರುವುದು ದಖ್ಖನದ ಬಸಾಲ್ಟ್ ಶಿಲೆ. ಅದರಲ್ಲಿ ನೀರು ನಿಲ್ಲುವುದು ಮೇಲಿನ ಸವಕಲು ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಹೀಗಾಗಿ ಎರಡು ವರ್ಷ ಮಳೆ ತಪ್ಪಿದರೆ ಕೊಳವೆಬಾವಿಗಳು ಬೇಗ ಬರಿದಾಗುತ್ತವೆ. ಜಿಲ್ಲೆಯಲ್ಲಿ ಕಾಡು ನಗಣ್ಯ. ಜಿಲ್ಲೆಯಂಚಿನಲ್ಲಿ ಹರಿಯುವ ಭೀಮಾ ನದಿಯ ಮೇಲ್ಭಾಗದಲ್ಲಿ ಉಜನಿ ಜಲಾಶಯವಿದ್ದು, ಬರದ ವರ್ಷ ಕೆಳಗಿನ ಹರಿವು ತೀರ ಕುಗ್ಗುತ್ತದೆ.

ಇತಿಹಾಸ

1876–78ರ ಮಹಾಬರದಲ್ಲಿ ಈ ಸೀಮೆ ಬೆಂದುಹೋಯಿತು. ಆಗ ಕಲಾದಗಿ ಜಿಲ್ಲೆ ಎನಿಸಿದ್ದ ಪ್ರದೇಶದಲ್ಲಿ 1872ರಲ್ಲಿ 8 ಲಕ್ಷದಷ್ಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 6.4 ಲಕ್ಷದ ಆಸುಪಾಸಿಗೆ ಇಳಿದಿತ್ತು. 1899–1900ರಲ್ಲಿ ಮತ್ತೆ ಬರ ಬಂತು. 1972ರ ಬರ ಇಡೀ ದಖ್ಖನನ್ನು ಹಿಂಡಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. 1972, 2023 ಎರಡೂ ಪೆಸಿಫಿಕ್ ಸಾಗರದ ಮೇಲ್ಮೈ ಬಿಸಿಯೇರಿ ಇಲ್ಲಿನ ಮುಂಗಾರು ಸಾಮಾನ್ಯವಾಗಿ ಸೊರಗುವ ಎಲ್ ನಿನೊ ವರ್ಷಗಳು.

ಬರದ ಜೊತೆಗೆ ನೀರಿನ ಜಾಣ್ಮೆಯೂ ಇಲ್ಲಿ ಹಳೆಯದು. ವಿಜಯಪುರ ನಗರದ ಗೋಳಗುಮ್ಮಟದಲ್ಲಿ ಸಮಾಧಿಯಾಗಿರುವ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ, ಬೇಗಂ ತಾಲಾಬ್ ಕಟ್ಟಲಾಯಿತು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಬರುತ್ತಿತ್ತು. ದಾರಿಯುದ್ದಕ್ಕೂ ಒತ್ತಡ ತಗ್ಗಿಸಿ ಹೂಳು ತಡೆಯಲು ‘ಗಂಜ್’ ಎಂಬ ಗೋಪುರಗಳಿದ್ದವು. ತಾಜ್ ಬಾವಡಿ, ಚಾಂದ್ ಬಾವಡಿಗಳೂ ಆದಿಲ್ ಶಾಹಿ ಕಾಲದವೇ.

ಹವಾಮಾನ ಬದಲಾವಣೆಯ ಪರಿಣಾಮ

1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಗಾಳಿ ಒಂದು ಡಿಗ್ರಿ ಕಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಇದರಿಂದ ಎರಡು ಪರಿಣಾಮ: ಮಳೆಯಿಲ್ಲದ ದಿನ ಗಾಳಿ ಹೊಲದಿಂದ, ಕೆರೆಯಿಂದ ಹೆಚ್ಚು ನೀರು ಸೆಳೆಯುತ್ತದೆ, ಮಳೆ ಬಂದ ದಿನ ಒಮ್ಮೆಲೇ ಸುರಿಯುತ್ತದೆ. ಆದ್ದರಿಂದ ವರ್ಷದ ಒಟ್ಟು ಮಳೆ ಬದಲಾಗದಿದ್ದರೂ ಪೈರಿಗೆ ದಕ್ಕುವ ನೀರು ಕಡಿಮೆಯಾಗಬಹುದು. ಸುರಿಮಳೆಯ ನೀರು ಇಂಗುವ ಮೊದಲೇ ಹಳ್ಳ ಸೇರುತ್ತದೆ, ಫಲವತ್ತಾದ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ.

2009 ಇಂಥ ಏರುಪೇರಿಗೆ ನಿದರ್ಶನ. ಆ ಸಲ ದೇಶದ ಮುಂಗಾರು ವಾಡಿಕೆಗಿಂತ ಶೇ 22ರಷ್ಟು ಕಡಿಮೆಯಾಗಿತ್ತು. ಆದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆಗೆ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿತು. ಒಂದು ವರ್ಷದ ಘಟನೆಯನ್ನು ಹವಾಮಾನ ಬದಲಾವಣೆಯ ಲೆಕ್ಕಕ್ಕೇ ಹಚ್ಚುವಂತಿಲ್ಲ. ದಶಕಗಳ ಒಲವು ಮಾತ್ರ ಅದೇ ದಿಕ್ಕಿನದು: ಒಣದಿನಗಳ ಸಾಲುಗಳು ಹೆಚ್ಚುತ್ತಿವೆ, ನಡುವೆ ಬೀಳುವ ಮಳೆ ಜೋರಾಗುತ್ತಿದೆ.

ಬೇಸಾಯದ ಮೇಲೆ

ಡೋಣಿ ನದಿಯ ಬಯಲು ಬಿಳಿಜೋಳಕ್ಕೆ ಹೆಸರುವಾಸಿ. ಉತ್ತರಿ, ಹಸ್ತ ಮಳೆಗಳ ಹದ ನೋಡಿ ಬಿತ್ತಿದ ಹಿಂಗಾರಿ ಜೋಳ ಮುಂದೆ ಬಹುಮಟ್ಟಿಗೆ ಮಣ್ಣಿನ ಹಸಿ ಹಾಗೂ ಚಳಿಗಾಲದ ಇಬ್ಬನಿಯಲ್ಲೇ ಬೆಳೆಯುತ್ತದೆ. ಇಲ್ಲಿನ ಎರಿ (ಕಪ್ಪುಮಣ್ಣಿನ) ಭೂಮಿ ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಾಯಿಬಿಡುತ್ತದೆ. ಆ ಬಿರುಕಿನಿಂದ ಆಳದ ಹಸಿಯೂ ಆರಿಹೋಗುತ್ತದೆ. ಅದಕ್ಕೇ ರೈತರು ಮಳೆಯಿಲ್ಲದಿದ್ದರೂ ಎಡೆ ಹೊಡೆಯುತ್ತಾರೆ: ಕುಂಟೆ ಎಬ್ಬಿಸಿದ ಪುಡಿಮಣ್ಣು ಬಿರುಕಿಗೆ ಬಿದ್ದು ಅದನ್ನು ಮುಚ್ಚುತ್ತದೆ. ಮಳೆಗೆ ಮೊದಲು ಹೊಲವನ್ನು ಚೌಕು ಮಡಿಗಳಾಗಿ ಒಡೆದು ಬಿದ್ದ ನೀರನ್ನು ಬಿದ್ದಲ್ಲೇ ಇಂಗಿಸುವ ಪದ್ಧತಿಯನ್ನು, 1933ರಲ್ಲಿ ಆರಂಭವಾಗಿ ಈಗ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಧೀನದಲ್ಲಿರುವ ವಿಜಯಪುರದ ಸಂಶೋಧನಾ ಕೇಂದ್ರ ಪ್ರಚಾರಕ್ಕೆ ತಂದಿದೆ. ಹಿಂದೆ ಬರಗಾಲಕ್ಕೆಂದು ಜೋಳವನ್ನು ನೆಲದಡಿಯ ಹಗೇವುಗಳಲ್ಲಿ ತುಂಬಿಡುತ್ತಿದ್ದರು.

ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಕಥೆ ಬೇರೆ. ಒಣಹವೆ ದ್ರಾಕ್ಷಿಗೂ ಒಣದ್ರಾಕ್ಷಿಗೂ ಅನುಕೂಲ, ಆದರೆ ಬಳ್ಳಿಗೆ ವರ್ಷವಿಡೀ ನೀರು ಬೇಕು. ಬರದ ವರ್ಷಗಳಲ್ಲಿ ಟ್ಯಾಂಕರ್ ನೀರಿನಿಂದ ತೋಟ ಉಳಿಸಿಕೊಂಡವರಿದ್ದಾರೆ. ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಮಾಡಿದ ಮೇಲೆ ಅಕ್ಟೋಬರ್‌ನಲ್ಲಿ ಜಡಿಮಳೆ ಹಿಡಿದರೆ ರೋಗ, ಹಣ್ಣು ಒಣಗಿಸುವ ಹೊತ್ತಿಗೆ ಅಕಾಲಿಕ ಮಳೆ ಬಿದ್ದರೆ ಮಾಲಿನ ಬಣ್ಣ ಕೆಟ್ಟು ದರ ಬೀಳುತ್ತದೆ. ಬರದಲ್ಲಿ ಕೆಲಸ ಸಿಗದ ಕೂಲಿಕಾರರು, ಅದರಲ್ಲೂ ತಾಂಡಾಗಳ ಜನ, ಮಹಾರಾಷ್ಟ್ರ, ಗೋವಾಗಳಿಗೆ ಗುಳೆ ಹೋಗುತ್ತಾರೆ.

ಪರಿಹಾರ ಮತ್ತು ಮಿತಿ

2006ರಲ್ಲಿ ಲೋಕಾರ್ಪಣೆಯಾದ ಕೃಷ್ಣಾ ನದಿಯ ಆಲಮಟ್ಟಿ ಜಲಾಶಯ, ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳು, ಕೆರೆ ತುಂಬಿಸುವ ಕೆಲಸ ಇವೆಲ್ಲ ಸೇರಿ ಸೀಮೆಯ ಚಿತ್ರವನ್ನು ಸಾಕಷ್ಟು ಬದಲಿಸಿವೆ. ಕೋಟಿ ವೃಕ್ಷ ಅಭಿಯಾನ ಹಸಿರು ಹೆಚ್ಚಿಸಲು ಹೊರಟಿದೆ. ಆದರೆ ಕಾಲುವೆಗೆ ಬರುವ ನೀರು ಘಟ್ಟದ ಮಳೆಯದು. ಅಲ್ಲಿ ಮುಂಗಾರು ಸೋತರೆ ಇಲ್ಲಿನ ಕಾಲುವೆಯೂ ಸೊರಗುತ್ತದೆ. ನೀರು ಬಂತೆಂದು ಕಬ್ಬಿನಂಥ ಬೆಳೆ ವಿಸ್ತರಿಸಿದಷ್ಟೂ ಬರದ ವರ್ಷದ ಪೆಟ್ಟು ಹೆಚ್ಚುತ್ತದೆ, ಎರಿ ಭೂಮಿ ಸವಳಾಗುವ ಅಪಾಯವೂ ಇದೆ. ಕಾಲುವೆ ಬಂದ ಮೇಲೂ ವಿಜಯಪುರ ಒಣಸೀಮೆಯೇ. ಬಿದ್ದ ಮಳೆಯನ್ನು ಹೊಲದಲ್ಲೇ ಹಿಡಿದಿಡುವ ಒಡ್ಡು, ಮಡಿ, ಕೃಷಿ ಹೊಂಡಗಳ ಅಗತ್ಯ ಇಲ್ಲಿ ತಪ್ಪುವುದಿಲ್ಲ.